ಕಿಲ್ಲೇದಾರ ಮುಚ್ಚಿಟ್ಟ ಸುದ್ದಿ

ಕಳೆದ ವಾರ ಹಾರೂಗೇರಿಯ ನನ್ನ ಝೆರಾಕ್ಸ್ ಅಂಗಡಿಗೆ ಬಸ್ ಕಂಡಕ್ಟರನೊಬ್ಬ ಕೈಚೀಲವೊಂದನ್ನು ಕೊಟ್ಟು ಹೋದ. ಒಳಗೆ ದಪ್ಪನೆಯ ರಿಜಿಸ್ಟರು. ತೆರೆಯುವ ಮೊದಲೇ ನೀಲಗಿರಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಹವಾಲ್ದಾರ್ ಸರ್ ಬರೆಯುವಾಗ ಎಡಗೈಯಿಂದ ಮೊಣಕಾಲಿಗೆ ಆ ಎಣ್ಣೆ ತಿಕ್ಕುತ್ತ, ಅದೇ ಕೈಯಿಂದ ಹಾಳೆ ತಿರುವುತ್ತಿದ್ದರು...

ಹತ್ತು ವರ್ಷದ ಹಿಂದಿನ ಮಾತು. ಸೈನ್ಯದಿಂದ ನಿವೃತ್ತರಾಗಿ ಬಂದಿದ್ದ ಅವರು ರಾಯಬಾಗದ ಹೊರಗೆ, ಕಬ್ಬಿನ ಹೊಲಗಳ ನಡುವೆ ತಗಡಿನ ಶೆಡ್ ಹಾಕಿ, ಮಿಲಿಟರಿ ಭರ್ತಿಗೆ ಹುಡುಗರನ್ನು ತಯಾರು ಮಾಡುತ್ತಿದ್ದರು. ನಾವು ಇಪ್ಪತ್ತು ಮಂದಿ ಅಲ್ಲೇ ಉಳಿದಿದ್ದೆವು. ಸೇರಿದ ದಿನವೇ ಎಲ್ಲರ ಮೊಬೈಲು ಅವರ ಟ್ರಂಕಿನೊಳಗೆ. ಓಟದಲ್ಲಿ ಹಿಂದೆ ಬಿದ್ದವನ ಬೆನ್ನಿಗೆ ಕಬ್ಬಿನ ಏಟು. ವಾಂತಿ ಮಾಡಿಕೊಂಡವನಿಗೆ ಇನ್ನೊಂದು ಸುತ್ತು. ಅವರಿಗೆ ಹೆದರುತ್ತಿದ್ದೆವು. ಹೇಳಲು ನಾಚಿಕೆಯಾದರೂ ಹೇಳಬೇಕು, ಅವರೆಂದರೆ ಪ್ರಾಣ ಬಿಡುತ್ತಿದ್ದೆವು.

ಅವರು ಒಂದು ಕಾದಂಬರಿ ಬರೆಯುತ್ತಿದ್ದರು. ಹಳೆಯ ಕಾಲದ ಕೋಟೆ, ಅದಕ್ಕೊಬ್ಬ ಕಿಲ್ಲೇದಾರ, ಸುತ್ತ ಶತ್ರುವಿನ ಮುತ್ತಿಗೆ. ಕಿಲ್ಲೇದಾರ ಅಪ್ಪಣೆ ಕೊಡುವುದು ಮರಾಠಿಯಲ್ಲಿ, ಬೈಯುವುದು ಹಿಂದಿಯಲ್ಲಿ. ಇನ್ನೂರು ವರ್ಷದ ಹಿಂದಿನ ಸೈನಿಕರು ಬೆಳಿಗ್ಗೆ ಐದಕ್ಕೆ ಎದ್ದು ಸಾಲಾಗಿ ನಿಂತು ಹಾಜರಿ ಹೇಳುತ್ತಿದ್ದರು. ನಾವು ಒಳಗೊಳಗೇ ನಗುತ್ತಿದ್ದೆವು. ನನ್ನ ಅಕ್ಷರ ದುಂಡಗಿತ್ತು. ಮಧ್ಯಾಹ್ನ ಉಳಿದವರು ಮಲಗಿದಾಗ ಅವರ ಗೀಚನ್ನು ಈ ರಿಜಿಸ್ಟರಿಗೆ ಇಳಿಸುವ ಕೆಲಸ ನನಗೆ ಬಿತ್ತು.

ಹನ್ನೊಂದನೆಯ ಅಧ್ಯಾಯದಲ್ಲಿ, ಕೋಟೆಯ ಬಾಗಿಲು ಕಾಯುವ ಸೈನಿಕನ ತಾಯಿ ಸತ್ತ ಓಲೆ ಕಿಲ್ಲೇದಾರನ ಕೈಗೆ ಬರುತ್ತದೆ. ಕಿಲ್ಲೇದಾರ ಅವನನ್ನು ಕರೆದು ಹೇಳಿಬಿಡುತ್ತಾನೆ. ಸೈನಿಕ ಊರಿಗೆ ಹೋಗುತ್ತಾನೆ, ಬಾಗಿಲು ಶತ್ರುವಿನ ಕೈಗೆ ಬೀಳುತ್ತದೆ. ಬರೆದದ್ದು ಹೇಗಿದೆ ಎಂದು ಸರ್ ಕೇಳಿದರು. ನಾನು ಜಾಣತನ ತೋರಿಸಿದೆ.

“ಹೇಳಬಾರದಿತ್ರಿ ಸರ್. ಯುದ್ಧ ಮುಗದ ಮ್ಯಾಲೆ ಹೇಳಿದ್ರ ಗೆಲ್ತಿದ್ರು.”

ಅವರು ನನ್ನನ್ನೇ ದಿಟ್ಟಿಸಿ ನೋಡಿ, ಬೆನ್ನಿಗೆ ಗುದ್ದಿದರು. “ನೀ ಆಫೀಸರ್ ಆಗ್ತಿ ಲೇ.”

ಮರುದಿನವೇ ಅಧ್ಯಾಯ ತಿದ್ದಿ ಬಂತು. ಕಿಲ್ಲೇದಾರ ಓಲೆಯನ್ನು ಪೇಟದೊಳಗೆ ಸಿಕ್ಕಿಸಿಕೊಂಡು ನಗುತ್ತ ಹೊರಬರುತ್ತಾನೆ, ಕೋಟೆ ಉಳಿಯುತ್ತದೆ. ಅದನ್ನು ನಾನು ಎಷ್ಟು ಹಿಗ್ಗಿನಿಂದ ನಕಲು ಮಾಡಿದೆನೆಂದರೆ...

ಎರಡು ತಿಂಗಳಿಗೆ ಬೆಳಗಾವಿಯಲ್ಲಿ ಭರ್ತಿ ನಡೆಯಿತು. ಆ ಸಲ ತಪ್ಪಿದರೆ ನನಗೆ ವಯಸ್ಸು ಮೀರುತ್ತಿತ್ತು. ಓಟದಲ್ಲಿ ನನ್ನ ಗುಂಪಿಗೇ ಮೊದಲು ಬಂದೆ. ಆಮೇಲೆ ಡಾಕ್ಟರು ನನ್ನ ಪಾದ ನೋಡಿ, ಚಪ್ಪಟೆ ಎಂದು ಹೇಳಿ ಹೊರಗೆ ಕಳಿಸಿದರು. ವಾಪಸು ಬರುವ ಬಸ್ಸಿನಲ್ಲಿ ಸರ್ ಪಕ್ಕದಲ್ಲಿ ಕೂತರು.

“ನಿಮ್ಮವ್ವ ಹೋಗ್ಯಾಳಪಾ.”

“ಯಾವಾಗ್ರಿ?”

“ನಾಕ್ ದಿನಾ ಆತು.”

ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದ. ನನಗಿದ್ದವಳು ಅವಳೊಬ್ಬಳೇ. ನನ್ನನ್ನು ಕರೆದೊಯ್ಯಲು ನಮ್ಮೂರು ಏಕಸಂಬಿಯಿಂದ ಸೋದರಮಾವ ಬೈಕಿನಲ್ಲಿ ಶೆಡ್ಡಿನ ಗೇಟಿನವರೆಗೆ ಬಂದಿದ್ದನಂತೆ. ಈಗ ಕರೆದೊಯ್ದರೆ, ಮಗ ಮಿಲಿಟರಿ ಸೇರಲಿ ಎಂಬ ನಿನ್ನ ತಂಗಿಯ ಆಸೆಯೂ ಅವಳ ಸಂಗಡವೇ ಹೋಗುತ್ತದೆ ಎಂದು ಹೇಳಿ ಸರ್ ಅವನನ್ನು ಒಪ್ಪಿಸಿ ತಿರುಗಿಸಿದ್ದರು. ಚಿತೆಗೆ ಬೆಂಕಿ ಇಟ್ಟವನು ಚಿಕ್ಕಪ್ಪನ ಮಗ.

“ನೀನ ಅಂದಿದ್ದಿ,” ಎಂದರು ಸರ್, “ಯುದ್ಧ ಮುಗದ ಮ್ಯಾಲೆ ಹೇಳ್ಬೇಕಂತ.” ಆಮೇಲೆ ಬಾಳೆಹಣ್ಣು ಸುಲಿದು ನನ್ನ ಕೈಗಿಟ್ಟರು. ನಾನು ಅದನ್ನು ತಿಂದೆ. ಯಾಕೆ ತಿಂದೆನೋ, ಇಂದಿಗೂ ನನಗೆ ತಿಳಿದಿಲ್ಲ...

ಮತ್ತೆ ಅವರ ಮುಖ ನೋಡಲಿಲ್ಲ. ಈಚೆಗೆ, ದೀಪಾವಳಿ ಮುಗಿದ ಮೇಲೆ, ಅವರ ಸೊಸೆ ಫೋನ್ ಮಾಡಿದಳು. ಸರ್ ಹೃದಯ ಕೆಟ್ಟು ಹಾಸಿಗೆ ಹಿಡಿದಿದ್ದರು. ಅವರ ಒಬ್ಬನೇ ಮಗ ಚಿಕ್ಕೋಡಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಲಿಗೆ ಬೈಕು ಬಡಿದು ಸತ್ತಿದ್ದ. ಆಘಾತ ತಡೆಯಲಾರರು ಎಂದು ಡಾಕ್ಟರು ಹೇಳಿದ್ದರಿಂದ, ಹೆಣವನ್ನು ಮನೆಗೆ ತರದೆ ಸೊಸೆಯ ತವರಿನಲ್ಲೇ ಎಲ್ಲ ಮುಗಿಸಿದ್ದರು. ಮಗ ಕೆಲಸಕ್ಕೆ ಪುಣೆಗೆ ಹೋಗಿದ್ದಾನೆಂದು ಸರ್‌ಗೆ ಹೇಳಿದ್ದರು.

“ನೀವು ಬಂದು ಅವರ ಕಾದಂಬರಿ ಓದ್ರಿ. ಮನಸ್ಸು ಅದರಾಗ ಇರ್ತೈತಿ,” ಎಂದಳು.

ಹೋದೆ. ಮಾವನಿಗೆ ಸಂಶಯ ಬರಬಾರದೆಂದು ಆ ಹೆಣ್ಣುಮಗಳು ಹಣೆಗೆ ಕುಂಕುಮ ಇಟ್ಟು, ಕೈತುಂಬ ಬಳೆ ತೊಟ್ಟುಕೊಂಡೇ ನೀರು ತಂದುಕೊಟ್ಟಳು. ನನ್ನನ್ನು ನೋಡಿ ಸರ್ ಮುಖ ಅರಳಿತು. ಮೊದಲಿನಿಂದ ಓದು ಎಂದರು. ನಾನು ಹನ್ನೊಂದನೆಯ ಅಧ್ಯಾಯ ತೆರೆದೆ.

ಕೈತಪ್ಪಿ ತೆರೆದದ್ದಲ್ಲ. ಹತ್ತು ವರ್ಷ ನನ್ನ ಹೊಟ್ಟೆಯಲ್ಲಿದ್ದ ಬೆಂಕಿ ಅದು. ಕಿಲ್ಲೇದಾರ ಓಲೆಯನ್ನು ಪೇಟದೊಳಗೆ ಸಿಕ್ಕಿಸುವ ಸಾಲು ಬಂದಾಗ ನಿಲ್ಲಿಸಿ, ಅವರ ಕಣ್ಣನ್ನೇ ನೋಡುತ್ತ, ಅದೇ ಸಾಲನ್ನು ಇನ್ನೊಮ್ಮೆ ನಿಧಾನವಾಗಿ ಓದಿದೆ. ಅವರು ಬಾಗಿಲಲ್ಲಿ ನಿಂತ ಸೊಸೆಯ ಕಡೆ ನೋಡಿದರು. ಅವಳು ತಲೆ ತಗ್ಗಿಸಿದಳು.

“ಯಾವಾಗ?” ಎಂದರು.

“ನಾಕ್ ದಿನಾ ಆತ್ರಿ,” ಎಂದೆ ನಾನು.

ಅವರು ಅಳಲಿಲ್ಲ. ಗೋಡೆಯ ಕಡೆ ಹೊರಳಿದರು. ಸೊಸೆ ಅಂಗೈಯಿಂದ ಕುಂಕುಮ ಒರೆಸಿಕೊಳ್ಳುತ್ತ, “ಇದಕ್ಕ ಕರದಿದ್ನೇನ್ರಿ ನಿಮ್ಮನ್ನ?” ಎಂದಳು. ಎದ್ದು ಹೊರಗೆ ಬಂದೆ. ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ.

ಅದಾಗಿ ತಿಂಗಳಿಗೆ ಸರ್ ಹೋದರು. ಸುದ್ದಿ ನನಗೆ ಯಾರೂ ಹೇಳಲಿಲ್ಲ. ಈ ಕೈಚೀಲದಲ್ಲಿದ್ದ ಸೊಸೆಯ ಚೀಟಿಯಿಂದ ತಿಳಿಯಿತು. ರಿಜಿಸ್ಟರು ನಿಮಗೆ ಮುಟ್ಟಿಸಲು ಹೇಳಿದ್ದರು ಎಂದಷ್ಟೇ ಬರೆದಿದ್ದಾಳೆ. ಹನ್ನೊಂದನೆಯ ಅಧ್ಯಾಯ ತೆರೆದೆ. ನನ್ನ ದುಂಡಗಿನ ಅಕ್ಷರಗಳ ಮೇಲೆಲ್ಲ ಅಡ್ಡಗೆರೆ. ಕೆಳಗೆ ಸರ್ ಅವರ ಗೀಚು: ಕಿಲ್ಲೇದಾರ ಅಂದೇ ಕರೆದು ಹೇಳಿದ. ಸೈನಿಕ ಊರಿಗೆ ಹೋದ. ಬಾಗಿಲು ಬಿತ್ತು.

ಗಿರಾಕಿಯೊಬ್ಬ ಆಧಾರ್ ಕಾರ್ಡು ಹಿಡಿದು ಎರಡು ಕಾಪಿ ಎಂದು ಕೇಳುತ್ತಿದ್ದ. ನನಗೆ ಕೇಳಿಸಿತು, ಏಳಲಾಗಲಿಲ್ಲ. ಸೈನಿಕ ಊರಿಗೆ ಹೋದ ಎಂಬ ನಡುವಿನ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದೆ. ಆ ಶೆಡ್ಡಿನಿಂದ ಏಕಸಂಬಿ ಬೈಕಿನಲ್ಲಿ ಒಂದು ಗಂಟೆಯ ದಾರಿ. ಅಂದು ಸೋದರಮಾವನ ಹಿಂದೆ ಕೂತು ಹೋಗಿದ್ದರೆ ಅವ್ವನ ಮುಖ ಸಿಗುತ್ತಿತ್ತು.