ರಜೆ ನೋಡಿ ಇಟ್ಟ ಮುಹೂರ್ತ

ಕಡಸುಗಳಿಗೆ ಹೋರಿ ಬಿಡುವ ದಿನವನ್ನು ನಾನು ಆಫೀಸಿನ ಕ್ಯಾಲೆಂಡರ್ ನೋಡಿ ಗೊತ್ತು ಮಾಡಿದೆ. ನಾನೂ ಗಂಡನೂ ಈ ಪರದೇಶದಲ್ಲಿ ಪಾಯಿಂಟ್ ಕುಕ್‌ನಿಂದ ದಿನಾ ಸಿಟಿಗೆ ಕೆಲಸಕ್ಕೆ ಹೋಗುವವರು. ಊರಾಚೆ ಜಮೀನು ಹಿಡಿದು ಮಾಂಸದ ತಳಿಯ ಏಳು ಕಡಸು ಕಟ್ಟಿದ್ದು ವಾರಾಂತ್ಯದ ಹುಚ್ಚು. ಜನವರಿಯಲ್ಲಿ ಇಬ್ಬರಿಗೂ ರಜೆ, ಚೊಚ್ಚಲು ಹೆರಿಗೆಗೆ ಹತ್ತಿರ ಇರಬಹುದು. ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿ ಏಪ್ರಿಲ್‌ನಲ್ಲಿ ಹೋರಿ ಬಿಡಿಸಿದೆ.

ಪಕ್ಕದ ಜಮೀನಿನ ಮುದುಕ ಮೊದಲೇ ಹೇಳಿದ್ದ. "ರಜೆ ನೋಡಬೇಡಿ, ಹುಲ್ಲು ನೋಡಿ. ಆಗಸ್ಟ್‌ನಲ್ಲಿ ಕರು ಹಾಕಿದರೆ ಸೆಪ್ಟೆಂಬರಿನ ವಸಂತದ ಹುಲ್ಲು ಹಾಲಾಗುತ್ತದೆ. ಜನವರಿಗೆ ಇಟ್ಟರೆ ಅದೇ ಹುಲ್ಲು ತಿಂದು ಗಬ್ಬದ ಕಡಸಿಗೆ ಕೊಬ್ಬು ಬರುತ್ತದೆ, ಹೊಟ್ಟೆಯ ಕರುವೂ ದಪ್ಪವಾಗುತ್ತದೆ."

"ಅಜ್ಜ ಹೇಳಿದ್ದು ಕೇಳುವ ಮಾರಾಯ್ತಿ," ಎಂದರು ಗಂಡ.

"ನೀವು ಸುಮ್ನಿರಿ ಮಾರಾಯ್ರೆ. ಆಗಸ್ಟಲ್ಲಿ ನಮ್ಗೆ ಲೀವ್ ಯಾರು ಕೊಡ್ತಾರೆ?"

ನಮ್ಮ ಮಂಗಳೂರಿನ ಹಟ್ಟಿಯಲ್ಲಿ ಯಾವ ತಿಂಗಳಲ್ಲಿ ಕರು ಹುಟ್ಟಲಿಲ್ಲ ಎಂಬುದು ನನ್ನ ಜಂಬ. ಅಲ್ಲಿ ಅಮ್ಮ ಮೇವನ್ನು ಕೈಯಾರೆ ಅಳೆದು ಹಾಕುತ್ತಿದ್ದಳೆಂಬುದು ಹೊಳೆಯಲೇ ಇಲ್ಲ. ಅಕ್ಟೋಬರ್‌ನಲ್ಲಿ ಕಡಸುಗಳ ಮೈ ಮಿರಮಿರ ಮಿಂಚುವಾಗ ಮುದುಕನಿಗೆ ತೋರಿಸಿ ಬೀಗಿದೆ. ಅವನು ನಗಲಿಲ್ಲ.

ಜನವರಿಯ ಆ ಬೆಳಿಗ್ಗೆ ಇಲ್ಲಿನ ಬೇಸಿಗೆಯ ಬಿಸಿಗಾಳಿ ಮುಖ ಸುಡುತ್ತಿತ್ತು. ಮೊದಲ ಕಡಸು ಮಲಗಿತ್ತು, ಕರುವಿನ ಎರಡು ಗೊರಸು ಮಾತ್ರ ಹೊರಗೆ. ಒಂದು ಗಂಟೆ ಕಳೆದರೂ ಅಷ್ಟೇ. ದನದ ಡಾಕ್ಟರ್ ದೂರದಲ್ಲಿದ್ದರು. ಫೋನ್ ಮಾಡಿದೊಡನೆ ಮುದುಕ ಹಗ್ಗ ತಂದ. ಒಳಗೆ ಕೈ ಹಾಕಿ, "ದೊಡ್ಡ ಕರು. ಅದು ಬರುವ ದಾರಿಯೆಲ್ಲ ಕೊಬ್ಬು," ಎಂದ.

ಕಡಸು ತಿಣುಕಿದಾಗ ಎಳೆದೆವು, ನಿಲ್ಲಿಸಿದಾಗ ನಿಲ್ಲಿಸಿದೆವು. ಅಂಗೈ ಸುಲಿಯಿತು. ಅವಳ ನಾಲಿಗೆ ಧೂಳಿಗೆ ಬಿದ್ದಿತ್ತು. ಇವಳೊಬ್ಬಳು ಉಳಿದರೆ ಸಾಕು ಎಂದು ಕಂಡ ಕಂಡ ಸಂತರಿಗೆಲ್ಲ ಹರಕೆ ಹೊತ್ತೆ. ಕೊನೆಗೆ ಕರು ಜಾರಿ ಬಂತು. ಗಂಡ ಅದರ ಮೂಗು ಒರೆಸಿದರು, ಎದೆ ತಿಕ್ಕಿದರು. ಉಸಿರಾಡಲಿಲ್ಲ.

ಕಡಸು ತಡವರಿಸುತ್ತಾ ಎದ್ದು ಅದನ್ನು ನೆಕ್ಕತೊಡಗಿತು. ನನಗೆ ನೋಡಲಾಗಲಿಲ್ಲ. "ನನ್ನದೇ ತಪ್ಪು," ಎಂದು ಅತ್ತುಬಿಟ್ಟೆ.

ಮುದುಕ ಹಗ್ಗ ತೊಳೆದ. ಮಡಚಿ ಇಡುವನೆಂದುಕೊಂಡೆ, ಇಡಲಿಲ್ಲ. ಅವನ ಕಣ್ಣು ಬೇಲಿಯ ಕಡೆಗಿತ್ತು. ಅಲ್ಲಿ ಇನ್ನೊಂದು ಕಡಸು ಗುಂಪು ಬಿಟ್ಟು ಬಂದು, ಹೆರಿಗೆ ನೋವಿಗೆ ಬಾಲ ಎತ್ತಿ ನಿಂತಿತ್ತು.