ಕೂಲರ್ ಕೆಟ್ಟಿತ್ತು, ವೈರಸ್ ಹುಡುಕಿದ್ರು

ಗೆಳೆಯಾರ, ಒಂದು ಮದುವಿ ವಿಡಿಯೋ ಇವತ್ತ ಸಂಜಿಗೆ ಕೊಡಬೇಕಿತ್ತು. ಎಡಿಟ್ ಮಾಡಾಕ ಕುಂತ್ರ ಹತ್ತು ನಿಮಿಷಕ್ಕ ಕಂಪ್ಯೂಟರ್ ಕಾದು ಬಂದ್ ಆಗಾಕತ್ತಿತ್ತು. ಕಂಪ್ಯೂಟರಿನ ಒಳಗಿನ ಸಾದಾ ಫ್ಯಾನ್ ಸಾಲದಂತ, ಅದನ್ನ ತಣ್ಣಗಿಡಾಕ ಒಳಗ ನೀರಿನ ಕೂಲರ್ ಹಾಕಿಸಿದ್ದೆ, ದೊಡ್ಡ ಶಾಣ್ಯಾ ನಾನು.

ಗಾಂಧಿ ಚೌಕದ ರಿಪೇರಿಯವರನ್ನ ಮನಿಗೆ ಕರಸಿದೆ. "ವೈರಸ್ ಐತ್ರಿ" ಅಂದು ಒಂದು ತಾಸು ಹುಡುಕಿದ್ರು. ಮತ್ತ ಬಂದ್ ಆತು. "ಹಂಗಾರ ಮದರ್‌ಬೋರ್ಡ್ ಹೋಗೇತ್ರಿ" ಅಂದ್ರು. ಇನ್ನೊಂದು ತಾಸು ಬಿಟ್ಟಿದ್ರ ನನ್ನ ಕುಂಡ್ಲಿನೂ ನೋಡತಿದ್ರು.

ಬಿಜ್ಜರಗಿಯಿಂದ ಬಂದಿದ್ದ ನಮ್ಮ ಅತ್ತಿಯವರು ಚಾ ಕೊಡಾಕ ಬಂದು, ಕೂಲರಿನ ಎರಡೂ ಪೈಪ್ ಮುಟ್ಟಿ ನೋಡಿದ್ರು. "ಅಳಿಯಾರ, ಒಂದು ಸುಡಾಕತ್ತೈತಿ, ಇನ್ನೊಂದು ತಣ್ಣಗೈತಿ. ಒಳಗ ನೀರು ತಿರಗವಲ್ದು ನೋಡ್ರಿ, ಪಂಪ್ ಕೆಟ್ಟೈತಿ." ದ್ರಾಕ್ಷಿ ತೋಟದಾಗ ದಿನಾ ಮೋಟಾರಿನ ಜೋಡಿ ಜಗಳಾಡೋ ಹೆಣ್ಮಗಳು.

"ಇದು ತೋಟದ ಪಂಪ್ ಅಲ್ರಿ ಅಮ್ಮಾರ" ಅಂತ ರಿಪೇರಿಯವರು ನಕ್ಕರು. ಆದ್ರೂ ಕೂಲರ್ ತಗದು ಸಾದಾ ಫ್ಯಾನ್ ಹಾಕಿದ್ರು. ಆಮ್ಯಾಲ ಒಂದ್ಸಲಾನೂ ಬಂದ್ ಆಗಲಿಲ್ಲ. ವಿಡಿಯೋ ಈಗ ಕೊಟ್ಟು ಬಂದೆ.

ಹೋಗೂಮುಂದ ರಿಪೇರಿಯವರು ಮೆಲ್ಲಕ ಕೇಳಿದ್ರು: "ಅಮ್ಮಾರು ಇನ್ನ ಎಷ್ಟ ದಿನ ಇರ್ತಾರ್ರಿ? ಅಂಗಡ್ಯಾಗ ಇಂಥಾವ ಇನ್ನೆರಡು ಬಂದಾವ."