ದೇವಮ್ಮಜ್ಜಿಗೆ ನಾನು ಬರೆಯದ ಉತ್ತರ

ವಿಚಿತ್ರ ಅನುಭವಗಳ ಬರಹ ಕೈಗೆ ಸಿಕ್ಕರೆ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಪ್ರಶ್ನೆ ಗೀಚುವ ಚಾಳಿ ನನ್ನದು. ನೋಡಿದವರು ಯಾರು, ಅವರಿಗೆ ಕನ್ನಡಕ ಇತ್ತೇ, ಬೆಳಕು ಎಷ್ಟಿತ್ತು? ಕಾನೂನು ಕಾಲೇಜಿನಲ್ಲಿ ಸಾಕ್ಷ್ಯದ ಪಾಠ ಹೇಳಿಯೇ ತಲೆ ಬೆಳ್ಳಗಾದವನಿಗೆ ಇನ್ನೇನು ತೋಚೀತು? ಎಸ್ಟೇಟಿನ ಕೂಲಿ ಲೈನಿನ ಮನೆಗಳ ಹಿಂದೆ ಬಿಳಿ ಸೀರೆ ಓಡಾಡಿತು ಎಂದು ಯಾರಾದರೂ ಹೇಳಿದರೆ, ಒಗೆದು ಒಣಗಹಾಕಿದ್ದು ಇರಬೇಕು ಎಂದು ಮಾತು ಮುಗಿಸುತ್ತಿದ್ದೆ. ಹಾಗೆಂದು ನನ್ನನ್ನು ಧೈರ್ಯಸ್ಥ ಎಂದುಕೊಳ್ಳಬೇಡಿ. ದೆವ್ವವೊಂದನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಹೆದರುವವನು ನಾನು. ಗ್ಯಾಸ್ ಆರಿಸಿದೆನೇ ಎಂದು ನೋಡಲು ಅರ್ಧ ದಾರಿಯಿಂದ ವಾಪಸ್ ಹೋಗಿದ್ದುಂಟು. ಆದ್ದರಿಂದ ಮುಂದಿನದನ್ನು ನೀವೂ ಪೆನ್ಸಿಲ್ ಹಿಡಿದುಕೊಂಡೇ ಓದಿ.

ನಮ್ಮ ಕಾಲೇಜು ಕೊಡಗಿನ ಗೋಣಿಕೊಪ್ಪಲಿನಲ್ಲಿ. ಕಕ್ಷಿದಾರರನ್ನು ಮಾತನಾಡಿಸಿ ವಿಷಯ ಹೊರತೆಗೆಯುವುದನ್ನು ಕಲಿಸುವುದು ನನ್ನ ಪಾಲಿಗೆ ಬಂದ ಕೆಲಸ. ಮೊದಲೆಲ್ಲ ಒಬ್ಬ ವಿದ್ಯಾರ್ಥಿ ಕಕ್ಷಿದಾರ, ಇನ್ನೊಬ್ಬ ವಕೀಲನಾಗಿ ಕೂರುತ್ತಿದ್ದರು. ಎರಡನೇ ಪ್ರಶ್ನೆಗೆ ಇಬ್ಬರೂ ನಗುತ್ತಿದ್ದರು. ಪಾಠಗಳೆಲ್ಲ ಆನ್‌ಲೈನ್ ಆದ ಕಾಲದಲ್ಲಿ ನಾನು ತಿಣುಕಾಡಿ ಒಂದು ಸಿಮ್ಯುಲೇಶನ್ ಮಾಡಲು ಕಲಿತೆ. ಪರದೆಯ ಮೇಲೆ ಒಬ್ಬ ಅಜ್ಜಿಯ ಚಿತ್ರ. ವಿದ್ಯಾರ್ಥಿ ಪ್ರಶ್ನೆ ಟೈಪು ಮಾಡಬೇಕು. ಅಜ್ಜಿಯ ಉತ್ತರ ಅಕ್ಷರದಲ್ಲಿ ಮೂಡುತ್ತದೆ. ಈಗಿನವುಗಳಂತೆ ತಾನೇ ಯೋಚಿಸಿ ಮಾತನಾಡುವ ಬಗೆಯದಲ್ಲ ಅದು. ಒಂದೊಂದು ಉತ್ತರವನ್ನೂ ನಾನೇ ಬರೆದಿಟ್ಟಿದ್ದೆ. ಬರೆಯದಿದ್ದುದನ್ನು ಕೇಳಿದರೆ ಅಜ್ಜಿ ‘ಅದು ನೆನಪಿಲ್ಲ ಮಗಾ, ಬೇರೆ ಕೇಳು’ ಎನ್ನುತ್ತಿದ್ದಳು. ಆ ಅಜ್ಜಿಗೆ ದೇವಮ್ಮ ಎಂದು ಹೆಸರಿಟ್ಟೆ. ನಾನು ಊಟಕ್ಕೆ ಏಳದೆ ಅವಳ ಉತ್ತರ ತಿದ್ದುತ್ತಿದ್ದರೆ ನನ್ನ ಹೆಂಡತಿ, ‘ಆ ಮುದುಕಿಗೂ ಒಂದು ತಟ್ಟೆ ಹಾಕ್ಲಾ?’ ಎಂದು ಕೇಳುತ್ತಿದ್ದಳು.

ದೇವಮ್ಮಜ್ಜಿಯ ಮೊಕದ್ದಮೆ ಸರಳ. ಅವಳ ಮನೆಗೆ ಹೋಗುವ ಕಾಲುದಾರಿ ಪಕ್ಕದ ಕಾಫಿ ತೋಟದ ಮೂಲಕ ಹೋಗುತ್ತದೆ. ಪಕ್ಕದವರು ಈಗ ಬೇಲಿ ಹಾಕಿದ್ದಾರೆ. ಅಷ್ಟು ವರ್ಷ ಅವಳ ಮನೆಯವರು ಹಕ್ಕಿನಿಂದ ನಡೆದದ್ದೋ, ಪಕ್ಕದವರ ಅಪ್ಪಣೆಯಿಂದ ನಡೆದದ್ದೋ? ಅಪ್ಪಣೆಯಿಂದ ಎಂದಾದರೆ ಮೊಕದ್ದಮೆ ಬಿದ್ದಂತೆ. ಕೊಡಗಿನಲ್ಲಿ ಇಂಥ ದಾರಿ ಜಗಳವಿಲ್ಲದ ಊರಿಲ್ಲ, ಹಾಗಾಗಿ ವಿದ್ಯಾರ್ಥಿಗಳು ಹುರುಪಿನಿಂದ ಕೇಳುತ್ತಿದ್ದರು. ನಾಚಿಕೆಯವರೂ ಪರದೆಯ ಅಜ್ಜಿಯ ಮುಂದೆ ಬಾಯಿ ಬಿಡುತ್ತಿದ್ದರು. ನನ್ನ ಆಯುಷ್ಯದಲ್ಲಿ ಚಿಂತೆಯಿಲ್ಲದೆ ನಂಬಿದ ಸಂಗತಿಗಳು ಕಡಿಮೆ. ಈ ಸಿಮ್ಯುಲೇಶನ್ ಅವುಗಳಲ್ಲೊಂದು. ಈಗಲೂ ನಂಬುತ್ತೇನೆ.

ಹಾಗೆ ಬಾಯಿ ಬಿಟ್ಟವರಲ್ಲಿ ರಮ್ಯ ಒಬ್ಬಳು. ಶನಿವಾರಸಂತೆ ಕಡೆಯ ಹುಡುಗಿ, ಮನೆಯಲ್ಲಿ ಶುಂಠಿ, ಹಸಿಮೆಣಸಿನ ಬೇಸಾಯ. ಪುಸ್ತಕದಲ್ಲಿ ಗಟ್ಟಿ, ಆದರೆ ನಾಲ್ಕು ಜನರೆದುರು ನಿಂತರೆ ಧ್ವನಿಯೇ ಹೊರಡದು. ನನ್ನ ಪಾಠದ ಮೌಖಿಕ ಪರೀಕ್ಷೆಯಲ್ಲಿ ಅವಳು ಹಿಂದಿನ ವರ್ಷ ಒಂದು ಮಾತೂ ಆಡದೆ ಫೇಲಾಗಿದ್ದಳು. ಅವಳ ತಂದೆ ಕಾಲೇಜಿಗೇ ಬಂದು ನನ್ನೆದುರು ಕೂತು ಹೇಳಿದ್ದರು: ‘ಈ ಸಲ ಆಗ್ಲಿಲ್ಲ ಅಂದ್ರೆ ಮನೆಗೆ ಕರ್ಕಂಡ್ ಹೋಗ್ತೀನಿ ಸರ್. ಮಾತೇ ಆಡ್ದೋಳ್ನ ಲಾಯರ್ ಮಾಡಿ ಏನ್ ಮಾಡನ?’ ಆಮೇಲಿನ ತಿಂಗಳುಗಳಲ್ಲಿ ಅವಳು ನಾನು ಮಾಡಿಟ್ಟಿದ್ದ ಬೇರೆ ಪರದೆಯ ಕಕ್ಷಿದಾರರೊಂದಿಗೆ ಮೊಬೈಲಿನಲ್ಲಿ ಅಭ್ಯಾಸ ಮಾಡಿ, ಕೊನೆಗೆ ತರಗತಿಯಲ್ಲೂ ಎದ್ದು ಮಾತನಾಡತೊಡಗಿದಳು. ದೇವಮ್ಮಜ್ಜಿಯನ್ನು ಮಾತ್ರ ಆ ಸಲದ ಪರೀಕ್ಷೆಗೆಂದು ಕಾದಿರಿಸಿದ್ದೆ.

ಪರೀಕ್ಷೆಯ ದಿನ ಬೆಳಿಗ್ಗೆ ಎಲ್ಲರೂ ಕಂಪ್ಯೂಟರಿನಲ್ಲಿ ದೇವಮ್ಮಜ್ಜಿಯನ್ನು ಮಾತನಾಡಿಸಿದರು. ಮಧ್ಯಾಹ್ನ ಒಬ್ಬೊಬ್ಬರಾಗಿ ನನ್ನ ಮತ್ತು ಮೈಸೂರಿನಿಂದ ಬಂದಿದ್ದ ಪರೀಕ್ಷಕರ ಮುಂದೆ ಅಜ್ಜಿಯ ಪರ ವಾದಿಸಬೇಕಿತ್ತು. ರಮ್ಯ ಬಂದಳು, ನಿಂತಳು.

‘ಪಕ್ಕದವರು ಪಾಪ ಅಂತ ದಾರಿ ಬಿಟ್ಟಿರಬಹುದಲ್ಲಮ್ಮ. ಹಕ್ಕು ಅಂತ ಹೇಗೆ ಹೇಳ್ತೀಯ?’ ಎಂದರು ಪರೀಕ್ಷಕರು.

‘ಬಾಳೆಗೊನೆಯಿಂದ ಸರ್,’ ಎಂದಳು ರಮ್ಯ. ‘ಹುತ್ತರಿ ಹಬ್ಬಕ್ಕೆ ಅಜ್ಜಿ ಮನೆಯಿಂದ ಪಕ್ಕದ ತೋಟದವ್ರಿಗೆ ಒಂದು ಗೊನೆ ಕೊಡೋರು. ದಾರಿಗೆ ಬದಲು ಏನಾದ್ರೂ ಕೊಡ್ತಿದ್ರಾ ಅಜ್ಜಿ ಅಂತ ಕೇಳಿದ್ದಕ್ಕೆ ಗೊನೆ ವಿಷಯ ಬಂತು. ಅದು ದಾರಿಗಲ್ಲ ಮಗಾ, ಒಂದು ವರ್ಷ ಅವ್ರು ಗೊನೆ ವಾಪಸ್ ಕಳ್ಸಿದ್ರು, ಆಗ್ಲೂ ನಾವು ಅಲ್ಲೇ ನಡೆದ್ವಿ ಅಂದ್ರು. ಗೊನೆ ದಾರಿಯ ಬಾಡಿಗೆ ಆಗಿದ್ರೆ, ಅದು ವಾಪಸ್ ಬಂದ ದಿನವೇ ದಾರಿ ನಿಲ್ಬೇಕಿತ್ತಲ್ಲ ಸರ್.’

ಪರೀಕ್ಷಕರು ನನ್ನ ಕಡೆ ತಿರುಗಿದರು. ‘ಈ ಗೊನೆ ಎಲ್ಲಿಂದ ಬಂತು ಸರ್? ಬೇರೆ ಯಾರೂ ಹೇಳ್ಲಿಲ್ಲವಲ್ಲ.’ ನಾನು ಕಂಪ್ಯೂಟರಿನಲ್ಲಿ ಅವಳ ಸಂದರ್ಶನ ತೆರೆದು ತೋರಿಸಿದೆ. ದಾರಿಗೆ ಬದಲಾಗಿ ಏನಾದರೂ ಕೊಡುತ್ತಿದ್ದಿರಾ ಎಂಬ ಅವಳ ಪ್ರಶ್ನೆ ಅಲ್ಲಿತ್ತು. ಕೆಳಗೆ ‘ಅದು ನೆನಪಿಲ್ಲ ಮಗಾ, ಬೇರೆ ಕೇಳು’ ಎಂದಿತ್ತು.

‘ನೋಡಮ್ಮ, ಕಕ್ಷಿದಾರರು ನೆನಪಿಲ್ಲ ಅಂದಿದ್ದಾರೆ. ನೀನೇ ಅವರ ಬಾಯಿಗೆ ಹಾಕಿದ್ದೀಯ. ಸಾಕ್ಷ್ಯ ಹುಟ್ಟಿಸೋ ಜನ ಕೋರ್ಟಿನ ಸುತ್ತ ಈಗಾಗ್ಲೇ ಸಾಕಷ್ಟಿದ್ದಾರೆ. ನಾವೂ ಒಬ್ಬರನ್ನ ಪಾಸ್ ಮಾಡಿ ಕಳಿಸ್ಬೇಕಾ?’

‘ಹುಟ್ಟಿಸಿಲ್ಲ ಸರ್. ಪರದೆ ಮೇಲೆ ಬಂತು, ಓದ್ಕಂಡೆ.’

ಅವರು ಪೆನ್ನಿನ ಮುಚ್ಚಳ ತೆಗೆದರು. ಆಗ ನಾನು ಬಾಯಿ ಹಾಕಿದೆ. ಯಾಕೆ ಹಾಗೆ ಕೇಳಿದೆನೋ, ಕೇಳದೆ ಇರಲಾಗಲಿಲ್ಲ. ‘ವಾಪಸ್ ಬಂದ ಗೊನೆ ಏನಾಯ್ತಂತೆ?’

‘ಒಳಗೆ ತರ್ಲಿಲ್ವಂತೆ ಸರ್. ಕೊಟ್ಟಿದ್ದನ್ನ ನಾವು ತಿನ್ನಬಾರ್ದು ಅಂತ, ದಾರಿಗೆ ಗಳ ಅಡ್ಡ ಹಾಕೋ ಉಣುಗೋಲಿನ ಕಂಬಕ್ಕೆ ಕಟ್ಟಿದ್ರಂತೆ. ಕೋತಿ ತಿಂದ್ವಂತೆ.’

ಅದನ್ನು ಕಟ್ಟಿದ್ದು ನನ್ನ ಅಮ್ಮ. ಸುಂಟಿಕೊಪ್ಪದ ಆಚೆ ನಾವಿದ್ದ ಮನೆಗೂ ಪಕ್ಕದ ತೋಟದೊಳಗಿನಿಂದಲೇ ದಾರಿ. ಹುತ್ತರಿಗೆ ಗೊನೆ ಕೊಡುವುದಿತ್ತು. ಅಪ್ಪನ ಮೇಲಿನ ಯಾವುದೋ ಸಿಟ್ಟಿಗೆ ಒಂದು ವರ್ಷ ಅವರು ಅದನ್ನು ವಾಪಸ್ ಕಳಿಸಿದರು. ಅಮ್ಮ ಅದನ್ನು ಒಳಗೆ ತರದೆ ಹೊತ್ತು ಹೋಗಿ ಉಣುಗೋಲಿನ ಕಂಬಕ್ಕೆ ಕಟ್ಟಿ ಬಂದಳು. ಕೋತಿಗಳು ಕಿತ್ತು ತಿನ್ನುವುದನ್ನು ನಾನು ಸೌದೆ ಕೊಟ್ಟಿಗೆಯಿಂದ ನೋಡಿದ್ದೆ, ಹೊಟ್ಟೆ ಉರಿದುಕೊಂಡು. ಅಪ್ಪ, ಅಮ್ಮ ಈಗಿಲ್ಲ. ಆ ತೋಟದವರು ಮಾರಿ ಹೋಗಿ ಎಷ್ಟೋ ಕಾಲವಾಯಿತು. ಹೆಂಡತಿಗೂ ನಾನು ಇದನ್ನು ಹೇಳಿರಲಿಲ್ಲ. ಹೇಳುವ ಸಂದರ್ಭವೇ ಬಂದಿರಲಿಲ್ಲ. ದೇವಮ್ಮಜ್ಜಿಯ ಕತೆ ಕಟ್ಟುವಾಗ ಒಂದು ದಿನ ಬಸ್ಸಿನಲ್ಲಿ ಕೂತು, ಗೊನೆಯನ್ನೂ ಸೇರಿಸಲೇ ಎಂದು ಯೋಚಿಸಿದ್ದು ನಿಜ. ವಿದ್ಯಾರ್ಥಿಗಳಿಗೆ ಗೊಂದಲವಾದೀತು ಎಂದು ಅಲ್ಲೇ ಬಿಟ್ಟಿದ್ದೆ. ಒಂದಕ್ಷರವನ್ನೂ ಟೈಪು ಮಾಡಿರಲಿಲ್ಲ.

ಅದನ್ನೆಲ್ಲ ಪರೀಕ್ಷಕರಿಗೆ ಹೇಳುವಂತಿರಲಿಲ್ಲ. ನನ್ನ ಅಮ್ಮನ ಗೊನೆ ದೇವಮ್ಮಜ್ಜಿಯ ಮೊಕದ್ದಮೆಯಲ್ಲಿ ಸಾಕ್ಷ್ಯವಾಗುವುದು ಹೇಗೆ? ಕೊನೆಗೆ ಮೇಷ್ಟ್ರುಗಳ ಹಳೆಯ ಉಪಾಯಕ್ಕೆ ಶರಣಾದೆ. ‘ಗೊನೆಯ ವಿಷಯ ನಿಜ ಅಂತ ಒಂದು ಕ್ಷಣ ಇಟ್ಟುಕೊಳ್ಳಿ ಸರ್. ಆಗ ಅವಳ ವಾದ ಸರಿಯೇ?’ ಅವರು ರಮ್ಯಳ ಕಡೆ ತಿರುಗಿದರು. ಎರಡು ಅಡ್ಡ ಪ್ರಶ್ನೆ ಹಾಕಿದರು. ಅವಳು ಜಗ್ಗಲಿಲ್ಲ.

‘ವಾದ ಸರಿ ಇದೆ,’ ಎಂದರು. ‘ವಿಷಯಕ್ಕೆ ಸೊನ್ನೆ, ವಾದಕ್ಕೆ ಪೂರ್ತಿ.’ ಪಾಸಾಗಲು ಅಷ್ಟು ಸಾಕಿತ್ತು.

ಆಮೇಲೆ ನಾನು ಸುಮ್ಮನಿರಲಿಲ್ಲ. ಬರೆದಿಟ್ಟ ಉತ್ತರಗಳನ್ನೆಲ್ಲ ಮತ್ತೆ ಮತ್ತೆ ಓದಿದೆ, ಗೊನೆ ಇರಲಿಲ್ಲ. ಪಾಠದ ನಡುವೆ ಬಾಯಿ ತಪ್ಪಿ ಹೇಳಿದ್ದೆನೇ ಎಂದು ಹಳೆಯ ವಿದ್ಯಾರ್ಥಿಗಳನ್ನು ಕೇಳಿದೆ. ನನ್ನ ಬಿಪಿ, ಸಕ್ಕರೆ, ಮೊಣಕಾಲುಗಳ ಬಗ್ಗೆ ಎಲ್ಲರಿಗೂ ಗೊತ್ತಿತ್ತು, ಗೊನೆಯ ಬಗ್ಗೆ ಯಾರಿಗೂ ಇಲ್ಲ. ಹಬ್ಬಕ್ಕೆ ನೆರೆಯವರಿಗೆ ಗೊನೆ ಕೊಡುವ ಮನೆ ನಮ್ಮ ಕಡೆ ಇನ್ನೂ ಇದ್ದೀತು, ರಮ್ಯ ಅದನ್ನು ಊಹಿಸಿರಬಹುದು. ಕಂಬವನ್ನೂ ಕೋತಿಯನ್ನೂ ಹೇಗೆ ಊಹಿಸುವುದು? ಅವಳನ್ನೇ ಸುತ್ತಿ ಬಳಸಿ ಕೇಳಿದೆ. ನನ್ನ ಅಮ್ಮನ ವಿಷಯವನ್ನೂ ಹೇಳಿದೆ. ಅವಳು ಬೆಚ್ಚಿಬೀಳಲಿಲ್ಲ. ‘ನೀವು ಬರೀಲಿಲ್ಲ ಅಂದ್ರೆ ಅಜ್ಜಿನೇ ಹೇಳಿರ್ಬೇಕು ಬಿಡಿ ಸರ್,’ ಎಂದಳು. ಈಗ ಕುಶಾಲನಗರದಲ್ಲಿ ವಕೀಲಿ ಮಾಡುತ್ತಿದ್ದಾಳೆ; ಅವಳ ಪಾಟೀಸವಾಲಿಗೆ ಜನ ಹೆದರುತ್ತಾರೆ ಎಂದು ಕೇಳಿದ್ದೇನೆ.

ದೇವಮ್ಮಜ್ಜಿಯನ್ನು ಈಗಲೂ ತರಗತಿಗೆ ಕರೆತರುತ್ತೇನೆ. ಗೊನೆಯ ಪ್ರಶ್ನೆ ಒಳ್ಳೆಯದು, ಉತ್ತರ ಬರೆದು ಸೇರಿಸಿಬಿಡಿ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಎರಡು ಸಾಲಿನ ಕೆಲಸ. ಕೀಲಿಮಣೆಯ ಮುಂದೆ ಕೂತಿದ್ದೂ ಇದೆ. ಆದರೆ ಬರೆದುಬಿಟ್ಟರೆ, ಮುಂದೆ ಯಾವ ಹುಡುಗಿಗೆ ಆ ಉತ್ತರ ಬಂದರೂ ಅದು ನಾನು ಬರೆದದ್ದೇ ಆಗಿರುತ್ತದೆ. ಹಾಗಾಗಿ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.